ಒದ್ದೆ ಬೆರಳು

ಕಿರಿನ್ಯನ ಅಂಗಡಿಯ ಹಲಗೆಯ ಮೇಲೆ ಮೂರು ಜಾತಿಯ ಶಾಕುಗಳು,
ಕಟುಕ ಮಾರಲಿಟ್ಟ ನಲ್ಲಿಮೂಳೆಗಳ ಹಾಗೆ.
ಹಳದಿಯದು ಗ್ಯಾಸಿನದು. "ಇದನ್ನೇ ಹಾಕಿಸು ಅರ್ದೋ,
ಕುಲಮಾವೆಯಿಂದ ಇಸಿಯೋಲೋವರೆಗೆ
ಹೊಟ್ಟೆಯ ನೀರೂ ಅಲುಗದು" ಎನ್ನುತ್ತಾನೆ.
ನನ್ನ ಹೊಟ್ಟೆಯ ನೀರು ಯಾರಿಗೆ ಬೇಕು?
ನಾನು ಸಾಗಿಸುವುದು ಹಾಲು.

ಮುನ್ನೂರು ಲೀಟರು ಒಂಟೆ ಹಾಲು,
ಹೊಗೆ ಹಿಡಿಸಿದ ಕ್ಯಾನುಗಳಲ್ಲಿ,
ಎಪ್ಪತ್ತನಾಲ್ಕರ ಲ್ಯಾಂಡ್ ರೋವರಿನ ಬೆನ್ನ ಮೇಲೆ.
ಪಶುವೈದ್ಯ ಇಲಾಖೆ ಅದನ್ನು ಹರಾಜಿಗಿಟ್ಟ ದಿನ
ಬೆಲೆ ಕೂಗಿದವಳು ನಾನೊಬ್ಬಳೇ.
ಉಳಿದವರು ನಗುತ್ತಿದ್ದರು.

ದಾರಿ ಹೇಗೆಂದರೆ,
ಒಂಟೆ ಬಾಯಿ ಕಳೆದಾಗ ಅಂಗುಳಲ್ಲಿ ಕಾಣುತ್ತವಲ್ಲ ಏಣುಗಳು,
ಅಂಥವು, ಎಪ್ಪತ್ತು ಕಿಲೋಮೀಟರು.
ಹಸುವಿನ ಹಾಲಾಗಿದ್ದರೆ ಊರು ಮುಟ್ಟುವಷ್ಟರಲ್ಲಿ ಬೆಣ್ಣೆ.
ಒಂಟೆಯದು ಹಟಮಾರಿ. ಎಷ್ಟು ಕಡೆದರೂ ಏನೂ ಬಿಟ್ಟುಕೊಡದು,
ನೊರೆಯುಕ್ಕಿಸಿ ಮುಚ್ಚಳ ಹಾರಿಸುತ್ತದೆ, ಅಷ್ಟೆ.

ಭಾರ ಹೊರುವುದು ಕಮಾನುಪಟ್ಟಿ, ಶಾಕಲ್ಲ.
ಇಷ್ಟು ಕಲಿಯಲು ನನಗೆ ಎರಡು ಜೊತೆ ದಂಡವಾಯಿತು.
ಪಟ್ಟಿ ಬಗ್ಗುತ್ತದೆ, ಬಗ್ಗಿದ್ದು ಚಿಮ್ಮುತ್ತದೆ,
ಚಿಮ್ಮಿದ್ದು ಮತ್ತೆ ಬಗ್ಗುತ್ತದೆ.
ನಡುವೆ ಕೈಯಡ್ಡ ಹಿಡಿದು ಸಾಕು ಅನ್ನುವುದೇ ಶಾಕು.

ಆ 'ಸಾಕು' ಎಷ್ಟು ಜೋರಾಗಿರಬೇಕು?
ಬರುವಾಗ ತುಂಬಿದ ಗಾಡಿ, ಗದರಿಯೇ ಹೇಳಬೇಕು.
ಹೋಗುವಾಗ ಬರಿ ಕ್ಯಾನು. ಅದೇ ಗದರಿಕೆಗೆ ಬೆಚ್ಚಿ
ಮೊಲದ ಹಾಗೆ ಕುಪ್ಪಳಿಸುತ್ತದೆ.

ಹಿಂದೆ, ಕ್ಯಾನುಗಳ ಸಂದಿಯಲ್ಲಿ ಕೂರುವವನು ಗುಯೋ.
ಹೇಗಿದೆಯೋ ಅಂದರೆ, ಚೆನ್ನಾಗಿದೆ.
ಮೂರು ವರ್ಷದಿಂದ ಚೆನ್ನಾಗಿದೆ.
ಹೋದ ವಾರ ಸ್ಟಿಯರಿಂಗು ಅವನಿಗೆ ಕೊಟ್ಟು
ಹಿಂದೆ ನಾನು ಕೂತೆ.
ಹತ್ತನೇ ಕಿಲೋಮೀಟರಿಗೆ ನಾಲಿಗೆ ಕಚ್ಚಿಕೊಂಡೆ.
ಇಪ್ಪತ್ತಕ್ಕೆ ಅಲ್ಲಾನ ಹೆಸರು, ಆಮೇಲೆ ಗುಯೋನ ಅಪ್ಪನ ಹೆಸರು.
ಮೂವತ್ತಕ್ಕೆ ಹೆಸರುಗಳೇ ಮುಗಿದವು.
ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ, ನಗಲಿಲ್ಲ.
ನೆತ್ತಿಯ ಮೇಲಿನ ತಗಡಿನಲ್ಲಿ ಒಂದು ಉಬ್ಬಿತ್ತು,
ಒಳಗಿನಿಂದ ಹೊರಕ್ಕೆ,
ಸರಿಯಾಗಿ ಒಂದು ತಲೆಯ ಅಳತೆಯದು.

ಅಕೇಶಿಯದ ಅರೆನೆರಳಲ್ಲಿ ನಿಲ್ಲಿಸಿ
ತೋರುಬೆರಳಿಗೆ ಉಗುಳು ಸವರಿಕೊಂಡು ಗಾಡಿಯಡಿ ತೆವಳಿದೆ.
ಇಲಾಖೆಯ ಮುದಿ ಡ್ರೈವರು ಹೇಳಿಕೊಟ್ಟ ವಿದ್ಯೆ ಇದು.
ಮುಂದಿನವೆರಡೂ ಚುರ್ ಅಂದವು.
ಹಿಂದಿನ ಬಲಗಡೆಯದು ಬೆರಳನ್ನೇ ಕಚ್ಚಿತು.
ಎಡಗಡೆಯದು ತಣ್ಣಗಿತ್ತು.
ಅಷ್ಟು ದೂರ, ಅಷ್ಟು ಬಿಸಿಲು,
ಬಾವಿಯೊಳಗಿನ ಕಲ್ಲಿನಂತೆ ತಣ್ಣಗೆ.
ದುಡಿಯುವುದು ಕಾಯುತ್ತದೆ, ತಣ್ಣಗಿರುವುದು ಸತ್ತಿರುತ್ತದೆ.
ಎಣ್ಣೆ ಎಂದೋ ಸೋರಿಹೋಗಿ ಬರಿ ಕೊಳವೆ ತೂಗಾಡುತ್ತಿತ್ತು,
ಎರಡು ಪಾಲಿನ ಏಟನ್ನೂ ಪಕ್ಕದ್ದೇ ತಿನ್ನುತ್ತಿತ್ತು.

"ಹೇಗಿದೆ?" ಮೇಲಿನಿಂದ ಗುಯೋ ಕೇಳಿದ.
ಕಚ್ಚಿದ ನಾಲಿಗೆಗೆ ಬಂದದ್ದು ಒಂದೇ ಮಾತು,
"ಚೆನ್ನಾಗಿದೆ."

ಆದ್ದರಿಂದ ಕಿರಿನ್ಯ, ಹಳದಿಯದು ಎತ್ತಿಡು.
ಅದು ಭಾರಕ್ಕೆ ಹುಟ್ಟಿದ್ದು, ಅರ್ಧ ದಾರಿ ನಾನು ಹಗುರ.
ಆ ಮೂಲೆಯ ಕರಿಯದು ಕೊಡು, ಎಣ್ಣೆಯದು, ಸಾದಾ.
ತಾಳು, ಅಳೆಯುತ್ತೇನೆ. ಈ ದಾರದಲ್ಲಿ ಎರಡು ಗಂಟಿವೆ,
ಒಂದು ಚಾಚಿದಾಗಿನದು, ಒಂದು ಮುದುಡಿದಾಗಿನದು.
ಹ್ಞಾಂ, ಕೂಡುತ್ತದೆ.
ಕಾದು ಸುಸ್ತಾಗುತ್ತದೆ ಅಂತೀಯ? ಆಗಲಿ.
ಅರ್ಧ ದಾರಿಯಲ್ಲಿ ನಿಲ್ಲಿಸಿ ಚಹಾ ಕುಡಿಯುತ್ತೇವೆ, ಅದೂ ಆರಲಿ.
ಒಂದಲ್ಲ, ಹಿಂದಿನದಕ್ಕೆ ಜೋಡಿ ಕೊಡು,
ಹೊಸದನ್ನು ಹಳೆಯದರ ಪಕ್ಕ ಕಟ್ಟಬಾರದು.

ಉಳಿದ ದುಡ್ಡಿಗೆ ಒಂದು ದಪ್ಪ ಮೆತ್ತೆ.
ಎಷ್ಟು ದಪ್ಪ ಅಂತ ಗುಯೋನನ್ನು ಕೇಳು.
ತೆಳ್ಳಗಿದ್ದದ್ದೇ ಚೆನ್ನಾಗಿದೆ ಅಂದರೆ
ನಂಬಬೇಡ.