ಸೊನ್ನೆಯ ತುದಿ

ಟೇಪಿನ ಸೊನ್ನೆಯ ತುದಿ ಯಾವಾಗಲೂ ನನ್ನ ಕೈಲಿ.
ಡಬ್ಬಿ ಹಿಡಿದವರು ಮುಂದೆ ಮುಂದೆ ಹೋಗುತ್ತಾರೆ,
ಓದಿ ಹೇಳುತ್ತಾರೆ, ಬರೆದುಕೊಳ್ಳುತ್ತಾರೆ.
ನನ್ನ ಕೆಲಸ ಅಲುಗದೆ ಕೂರುವುದು,
ನಂಜನಗೂಡಿನ ಹೊಳೆದಂಡೆಯಲ್ಲಿ
ಕಲ್ಲಿನ ಮೇಲೊಂದು ಹೆಬ್ಬೆಟ್ಟು ಒತ್ತಿ.

ಪರಂಪರೆಯ ನಡಿಗೆಯಂತೆ. ಹನ್ನೊಂದು ಬೋರ್ಡು.
ನಕ್ಷೆಯಲ್ಲಿ ಕಪಿಲೆಗೆ ನೀಲಿ ಬಳಿದಿದ್ದಾರೆ;
ಇಲ್ಲಿ ಕೂತು ನೋಡಿದರೆ ಮಾಘದ ನೀರು
ಹೆಸರುಬೇಳೆ ತೊಳೆದು ಚೆಲ್ಲಿದ ಹಾಗಿದೆ.
ಮೈಸೂರಿಂದ ಬಂದ ದಾಮಿನಿ ಮೇಡಂ ಒಳ್ಳೆಯವರು,
ಅವರ ಫ್ಲಾಸ್ಕಿನ ಕಾಫಿ ನನಗೂ ಅರ್ಧ ಲೋಟ ಬಂತು.
ಸ್ನಾನಘಟ್ಟ, ಮಂಟಪ, ರೈಲು ಬಿಟ್ಟುಕೊಟ್ಟ ಹಳೇ ಸೇತುವೆ
ಬೆಳಿಗ್ಗೆಯೇ ಮುಗಿದವು.
ನಾಲ್ಕಕ್ಕೂ ಐದಕ್ಕೂ ನಡುವೆ ಊರ ಮೋರಿ ಬಂದು ಸೇರುತ್ತದೆ:
ಅಲ್ಲಿ ನಕ್ಷೆಯ ಗೆರೆ ಮೂಗು ಮುಚ್ಚಿಕೊಂಡು
ಎಡಕ್ಕೊಂದು ಸುತ್ತು ಹಾಕಿತು.

ಬೋರ್ಡು ಎಷ್ಟೆತ್ತರ ನಿಲ್ಲಿಸೋಣ, ಕೇಳಿದರು.
ಹೊಳೆ ಬಂದರೆ ಮಂಟಪದ ನೆತ್ತಿ ಮಾತ್ರ ಕಾಣುವ ಊರು.
ಮುಡಿ ತೆಗೆಯುವ ಸುಬ್ಬರಾಯ ಕತ್ತಿ ಒರೆಸುತ್ತಾ
ಎದೆ ಮುಟ್ಟಿ ತೋರಿಸಿದ;
ಹರಿಗೋಲಿನ ಕುಳ್ಳಯ್ಯ ಏನೂ ಹೇಳದೆ
ತೆಂಗಿನಮರದ ಕಡೆ ಗಲ್ಲ ಎತ್ತಿದ.
ಬೋರ್ಡು ಬರೆಯುವ ಇಲಿಯಾಸ್ ಸಾಬರದ್ದೇ ನ್ಯಾಯದ ಮಾತು:
"ಎತ್ತರ ಯಾಕೆ ಮೇಡಂ?
ಮುಳುಗಿ ಎದ್ದ ಮೇಲೂ ಓದೋ ಹಾಗೆ ಬರೀತೀನಿ."

ಏಳನೆಯದಕ್ಕೆ ಜಾಗ ಹುಡುಕುತ್ತಾ
ಮಡಿವಾಳರ ಕಟ್ಟೆಗೆ ಬಂದೆವು.
ಮಾಚಮ್ಮ ಮೊಣಕಾಲುದ್ದ ನೀರಲ್ಲಿ ನಿಂತು
ಯಾವುದೋ ಛತ್ರದ ಜಮಖಾನ ಬಡಿಯುತ್ತಿದ್ದಳು.
ಮೇಡಂ ಫೋಟೋಗೆಂದು ಆ ಕಡೆ ತಿರುಗಿದ್ದೇ ತಡ:

"ಕೂಸು, ಈ ಕಲ್ಲ ತಾವ ಟೇಪ್ ಇಡಬ್ಯಾಡ ಕನ.
ಅಡೀಲಿ ಬರವಣಿಗ ಅದ.
ನಮ್ಮತ್ತ ಹೇಳಿದ್ದು, ಅವಳ್ಗ ಅವಳತ್ತ ಹೇಳಿದ್ಲಂತ.
ಯಾರೂ ಮಗುಚಿ ನೋಡಿಲ್ಲ.
ಗೊತ್ತಾದ್ರ ಎತ್ಕಂಡೋಗಿ ಗಾಜಿನೊಳಗ ನಿಲ್ಲಿಸ್ತಾರ.
ಆಮ್ಯಾಲ ನಾನು ಎಲ್ಲಿ ಒಗೀಲಿ?"

ಕೈ ನೀರಿಗಿಳಿಸಿದೆ. ಬೆರಳು ತೂರುವಷ್ಟು ಸಂದು.
ಪಾಚಿ. ಏಡಿಯ ಬಿಲ.
ಆಮೇಲೊಂದು ಕೊರೆತ, ಸುರುಳಿ,
ಅದಕ್ಕೆ ಒತ್ತಿದಂತೆ ಇನ್ನೊಂದು ಗುಂಡು.
ಅಥವಾ ಬರೀ ಉಳಿ ಜಾರಿದ ಗುರುತು.
ಒಂದನೇ ಕ್ಲಾಸಿನ ಮೇಷ್ಟ್ರು ನನ್ನ ಬೆರಳು ಹಿಡಿದು
ಮರಳಿನಲ್ಲಿ ತಿದ್ದಿಸಿದ ಮೇಲೆ
ಕಣ್ಣಿಲ್ಲದೆ ಅಕ್ಷರ ಮುಟ್ಟಿದ್ದು ಇದೇ.
ರ ಇರಬಹುದು. ಠ ಇರಬಹುದು.

ಯಾರು ಏನು ಬರೆಸಿದರೋ!
ಯಾರಿಗೋ ಗದ್ದೆ ಬಿಟ್ಟದ್ದೋ,
ತುರು ಬಿಡಿಸಲು ಹೋದವನು ಬಾರದೆ ಉಳಿದದ್ದೋ,
ಇಲ್ಲಾ ಕೊನೆಯ ಸಾಲಿನ ಆ ಮಾಮೂಲಿ ಶಾಪವೋ:
ಇದನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ
ಕಪಿಲೆಯ ಕೊಂದ ಪಾಪಕ್ಕೆ ಹೋಗಲಿ.
ಶಾಸನದಲ್ಲಿ ಕಪಿಲೆ ಎಂದರೆ ಹಸು.
ನನಗೆ ಮೊಣಕೈವರೆಗೂ ಹೊಳೆ,
ಮೇಲಿನಿಂದ ಮೋರಿಯ ವಾಸನೆ ತೇಲಿ ಬರುತ್ತಿತ್ತು.

ಕಲ್ಲಿನ ಬೆನ್ನಿನ ಮೇಲಿನದು ಬೇರೆಯೇ ಬರಹ.
ಅತ್ತೆಯರು ಸೊಸೆಯರು ಬಡಿದು ಬಡಿದು ಮಾಡಿದ ತಗ್ಗು,
ಹಸುಗೂಸನ್ನು ಮಲಗಿಸಬಹುದು, ಅಷ್ಟು ನುಣುಪು.

"ಚೆಲುವರಾಜು, ಏನಾದರೂ ಇದೆಯಾ ಅಲ್ಲಿ?"

"ಇಲ್ಲ ಮೇಡಂ. ಒಗೆಯೋ ಕಲ್ಲು."

ಸುಳ್ಳು ಹೇಳಿದೆನೇ? ರಾತ್ರಿ ಊಟಕ್ಕೆ ಕೂತಾಗಲೂ
ಬೆರಳಿನ ತುದಿಯಲ್ಲಿ ಆ ಸುರುಳಿ ಇತ್ತು,
ಸಾರು ಕಲಸುವಾಗ ತಟ್ಟೆಯಲ್ಲಿ ಅದನ್ನೇ ತಿದ್ದುತ್ತಿದ್ದೆ.
ಹೆಂಡತಿ ನೋಡಿ, ಏನು, ಉಪ್ಪು ಕಮ್ಮಿಯಾ ಅಂದಳು.

ಏಳನೇ ಬೋರ್ಡು ಹತ್ತೊಂಬತ್ತು ಮೀಟರು ಸರಿದು
ಅರಳಿಮರದ ಬುಡಕ್ಕೆ ಹೋಗಿದೆ.
ಏನು ಬರೆಸುವುದೆಂದು ಇನ್ನೂ ತೀರ್ಮಾನವಾಗಿಲ್ಲ;
ಇಲಿಯಾಸ್ ಸಾಬರು ಬರೀ ಬಿಳಿ ಬಳಿದು ಒಣಗಲಿಟ್ಟಿದ್ದಾರೆ.

ಟೇಪಿನ ನನ್ನ ತುದಿಯಲ್ಲಿ ಮೊದಲ ಗೇಣಿನ
ಅಂಕಿಗಳೆಲ್ಲ ಅಳಿಸಿ ವರ್ಷವಾಯಿತು.
ಗೇಣು ಬಿಟ್ಟು ಹಿಡಿಯುತ್ತೇವೆ, ಆಮೇಲೆ ಲೆಕ್ಕದಲ್ಲಿ ಕಳೆಯುತ್ತೇವೆ.
ಆ ದಿನ ಸುತ್ತಿಡುವ ಮುಂಚೆ ಒರೆಸಲು ಹೋದರೆ
ಅಷ್ಟಗಲಕ್ಕೂ ಸಬಕಾರದ ನೊರೆ ಅಂಟಿತ್ತು.
ಒರೆಸಲಿಲ್ಲ.