ಸಿಗ್ನಲ್ ಬೀಳುವ ತನಕ

ದಿನಕ್ಕೊಂದು ಸಾಲು ಸಾಕು, ಅಂದಿದ್ದರು ಪಾದ್ರಿ ಕರ್ಕಡರು.
ಬರೆಯಲು ನಿಮಗೆ ಪುರುಸೊತ್ತಿಲ್ಲದಿರಬಹುದು,
ಓದಲು ದೇವರಿಗಿದೆ.

ನನಗೆ ಪುರುಸೊತ್ತು ಅಂತಿರುವುದು
ಆರು ಹನ್ನೆರಡರ ಸ್ಲೋ ಲೋಕಲಿನಲ್ಲಿ,
ನಾಲಾಸೋಪಾರಾದಿಂದ ಚರ್ನಿ ರೋಡಿನ ತನಕ,
ಅದೂ ಸೀಟು ಸಿಕ್ಕರೆ.

ಹಾಳೆಗೆ ದುಡ್ಡು ಕೊಟ್ಟಿಲ್ಲ.
ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ
ತಪ್ಪಾಗಿ ಬಂದ, ರದ್ದಾದ ರಸೀದಿಗಳು,
ಬೆನ್ನು ಖಾಲಿಯಿದ್ದವು. ರವಿಕೆಯ ಸೂಜಿಯಲ್ಲೇ
ಹೊಲಿದು ಪುಸ್ತಕ ಮಾಡಿಕೊಂಡೆ.

ಮೊದಲ ದಿನ: ಕರ್ತನೇ, ನಿನಗೆ ನಮಸ್ಕಾರ.
ಮುನಿಸಿಪಾಲಿಟಿಗೆ ಅರ್ಜಿ ಬರೆದ ಹಾಗಿತ್ತು. ಹೊಡೆದು ಹಾಕಿದೆ.
ಎರಡನೆಯ ದಿನ: ನಳದಲ್ಲಿ ನೀರು ಬರಲಿಲ್ಲ.
ಮೂರನೆಯ ದಿನ ಏನೂ ಇಲ್ಲ, ಒಂದು ಚಹಾದ ಕಲೆ.

ರೈಲು ಓಡುವಾಗ ಬರೆದರೆ
ಅಕ್ಷರ ಒಂದರ ಮೇಲೊಂದು ಬೀಳುತ್ತವೆ,
ಒತ್ತು ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ.
ಒಂದು ಕಡೆ ‘ಕೃಪೆ’ ಹೋಗಿ ‘ಕಪ್ಪೆ’ಯಾಗಿದೆ:
ಕರ್ತನೇ, ನಿನ್ನ ಕಪ್ಪೆ ನನಗೆ ಸಾಕು.
ನಕ್ಕಿರಬೇಕು ಅವನು.

ನಾಯಗಾಂವ್ ದಾಟಿ ಖಾಡಿಯ ಸೇತುವೆ ಬಂದಾಗ
ಬಾಗಿಲ ಹತ್ತಿರದ ಹೆಂಗಸರು
ನಿನ್ನೆಯ ಪೂಜೆಯ ಹೂವಿನ ಪೊಟ್ಟಣ ನೀರಿಗೆಸೆದು
ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳುತ್ತಾರೆ.
ಅಷ್ಟು ಹೊತ್ತು ನಾನೂ ಪೆನ್ಸಿಲ್ ಎತ್ತಿ ಹಿಡಿಯುತ್ತೇನೆ.
ಎಸೆಯಬೇಕಾದ್ದು ನನ್ನ ಹತ್ತಿರವೂ ಏನೋ ಇತ್ತು.
ಪೊಟ್ಟಣ ಕಟ್ಟಲು ಬರಲಿಲ್ಲ.

ಎದುರು ಸೀಟಿನ ಫಿಲೋಮಿನಾ ಡಾಬ್ರೆ
ಮಡಿಲಲ್ಲಿ ಬಟಾಣಿ ಸುಲಿಯುತ್ತ ಕೇಳಿದಳು: ‘ಹಿಸಾಬ್ ಕಾ?’
ಹೂಂ, ಹಿಸಾಬೇ, ಅಂದೆ.
ಸುಳ್ಳೇನಲ್ಲ. ಹನ್ನೊಂದು ವರ್ಷದಿಂದ
ಅಮ್ಮನ ಎರಡು ಬಳೆ ತಂಗಿ ಶಾಂತಲತೆಯ ಕೈಯಲ್ಲಿ.
ಯಾವ ಪುಟ ತಿರುವಿದರೂ ಅವೇ ಕಿಣಿಕಿಣಿ:
ಕರ್ತನೇ ನೀನೇ ನೋಡು, ಕರ್ತನೇ ನ್ಯಾಯ ಹೇಳು,
ಕರ್ತನೇ ಅವಳ ಫೋನು ಬಂತು, ಎತ್ತಲಿಲ್ಲ.
ಮೇಲೆ ಬರೆದದ್ದು ಅವನ ಹೆಸರು,
ಕಾಗದ ಮಾತ್ರ ತಂಗಿಗೆ.

ಕಳೆದ ಮಂಗಳವಾರ ಬಾಂದ್ರಾ ದಾಟಿ
ಮಾಹಿಮ್ ಮುಟ್ಟುವ ಮೊದಲು ರೈಲು ನಿಂತಿತು.
ಫ್ಯಾನೂ ನಿಂತಿತು. ಮಿಠಿ ನದಿಯ ನಾತ ಒಳಗೆ ಬಂದು ಕೂತಿತು.
ಇಪ್ಪತ್ತೈದು ನಿಮಿಷ ಸಿಗ್ನಲ್ ಬೀಳಲಿಲ್ಲ.
ಅಲುಗಾಟವಿಲ್ಲದ ಕೈಗೆ
ಅಕ್ಷರ ಎಷ್ಟು ದುಂಡಗೆ ಬಂದವೆಂದರೆ ಭಯವಾಯಿತು.
ಯಾರು ಬೇಕಾದರೂ ಓದಬಹುದಿತ್ತು ಅದನ್ನು:
ಅಮ್ಮನ ಕೊನೆಯ ಮೂರು ತಿಂಗಳು
ಬೆಡ್‌ಪ್ಯಾನ್ ಎತ್ತಿದ್ದು ನಾನಲ್ಲ.

ಯಾರು, ಅಂತ ಬರೆಯಲಿಲ್ಲ.
ಅಷ್ಟಕ್ಕೆ ಪೆನ್ಸಿಲ್ ನಿಂತಿತು.

ಮುಖ ಮುಚ್ಚಿಕೊಳ್ಳುವ ಹಾಗೆ ಹಾಳೆ ಮಗುಚಿದೆ.
ಆ ಕಡೆ ರಸೀದಿ: ಬಬನ್ ಶಿರ್ಸಾಟ್, ಅರವತ್ತೆರಡು, ಡಯಾಲಿಸಿಸ್.
ರದ್ದು. ಕಾರಣ: ರೋಗಿ ಬರಲಿಲ್ಲ.
ಕೆಳಗೆ ನನ್ನದೇ ಸಹಿ.
ವರ್ಷವಿಡೀ ಇಂಥವರ ಬೆನ್ನ ಮೇಲೆ ಕೂತು
ಬಳೆ, ಬಳೆ, ಅಂತ ಗೀಚಿದ್ದೆ.

ಯಾಕೆ ಬರಲಿಲ್ಲ ಬಬನ್?

ಬಾಯಿಪಾಠದ್ದೆಲ್ಲ ಬಿಟ್ಟರೆ
ಇದೇ ನನ್ನ ಮೊದಲ ಪ್ರಾರ್ಥನೆಯಿರಬೇಕು.
ಉತ್ತರ ಬರಲಿಲ್ಲ. ಸಿಗ್ನಲ್ ಬಿತ್ತು.

ಈಗ ಬರೆಯುವ ಮೊದಲು ಹಾಳೆಯ ಬೆನ್ನು ನೋಡುತ್ತೇನೆ.
ಸುಮನ್ ಘರತ್, ಎಕ್ಸ್‌ರೇ, ಎಡಗೈ.
ಹೆಸರಿಡದ ಗಂಡುಕೂಸು, ಎರಡು ದಿನ, ಕಾಮಾಲೆ.
ಅವರದಾದ ಮೇಲೆ ನನ್ನದು,
ಅಂಧೇರಿ ಬರುವುದರೊಳಗೆ ನಿದ್ದೆ ಹತ್ತದಿದ್ದರೆ.

ನಿನ್ನೆಯದು ಹೀಗಿದೆ:
ತಂಗಿಗೆ ಫೋನ್ ಮಾಡಿದೆ. ಬಳೆಯ ಮಾತೆತ್ತಲಿಲ್ಲ.
ಅವಳೇ ಎತ್ತಿದಳು. ಜಗಳವಾಯಿತು.
ಭಾನುವಾರ ಮತ್ತೆ ಮಾಡಬೇಕು.
ಕರ್ತನೇ, ನಿನ್ನ ಕಪ್ಪೆ—

ತಿದ್ದಲಿಲ್ಲ.