ಸರ್ವೆ ನಂಬರ್ ೪೭/೨

ತಕರಾರು ಒಂದೂವರೆ ಅಡಿಯದು.
ಗಾಳಿಬೀಡಿನ ಈ ಇಳಿಜಾರಿನಲ್ಲಿ
ಮೇಲಿನ ತೋಟ ಮಂದಣ್ಣನವರದು, ಕೆಳಗಿನದು ಬೊಳ್ಳಮ್ಮನವರದು.
ನಡುವೆ ಒಂದು ಕಲ್ಲು, ಹನ್ನೊಂದು ವರ್ಷದ ಮೌನ,
ಒಂದು ಸಿಲ್ವರ್ ಮರ. ಅದಕ್ಕೆ ಹಬ್ಬಿದ ಮೆಣಸು ಯಾರದೆಂದು
ಮಡಿಕೇರಿಯ ಕೋರ್ಟಿಗೂ ಇನ್ನೂ ಗೊತ್ತಾಗಿಲ್ಲ.

ಇಬ್ಬರೂ ಕೊಡೆ ಹಿಡಿದು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು.
ನಾನು ಮುಕ್ಕಾಲಿ ಊರಿ ಯಂತ್ರ ಹಚ್ಚಿದೆ.
ಮೋಡದಾಚೆ ಹನ್ನೆರಡು ಉಪಗ್ರಹ ಸಿಕ್ಕವು.
ಹನ್ನೆರಡು ವರ್ಷದ ಹಿಂದಿನ ಕಡತದ ಅಂಕಿಗೂ
ಇವತ್ತಿನ ಅಂಕಿಗೂ ಎರಡಡಿ ಅಂತರ.
"ನೋಡಿ, ಕಲ್ಲು ಕಿತ್ತು ನೆಟ್ಟಿದ್ದಾರೆ!" ಎಂದರು ಬೊಳ್ಳಮ್ಮ.
"ಯಾರು ಕಿತ್ತದ್ದು?" ಎಂದರು ಮಂದಣ್ಣ.
ಹನ್ನೊಂದು ವರ್ಷದಲ್ಲಿ ಅವರ ನಡುವೆ ದಾಟಿದ ಮೊದಲ ಮಾತು.

ಯಾರೂ ಕಿತ್ತಿಲ್ಲ. ಆದರೆ ಎಲ್ಲಿಂದ ಶುರುಮಾಡಲಿ?

ಆಚೆ ಮೂಲೆಯ ಕಲ್ಲಿಗೆ ಉಸ್ಮಾನ್ ಗುಂಡಿ ತೋಡುತ್ತಿದ್ದ.
ಮೊದಲು ಕೊಳೆತ ಎಲೆ, ಎಲೆಯಲ್ಲೊಂದು ಜಿಗಣೆ,
ಆಮೇಲೆ ಕಪ್ಪು ಮಣ್ಣು, ಕೆಂಪು ಮಣ್ಣು,
ಬೆರಳಲ್ಲಿ ಒತ್ತಿದರೆ ಉದುರಿಹೋಗುವ ಮುದಿ ಕಲ್ಲು,
ಆಮೇಲೆ ಹಾರೆ ಠಣ್ ಎಂದಿತು.
"ಇನ್ನು ಹೋಗಲ್ಲ ಮೇಡಂ."

ಅಲ್ಲಿಂದ ಕೆಳಗೆ ನನ್ನ ಕಡತದಲ್ಲಿ ಪುಟಗಳಿಲ್ಲ.
ಜಮ್ಮಾ ಬಾಣೆ ಎಷ್ಟು ಆಳದವರೆಗೆ ಜಮ್ಮಾ?
ಮುನ್ನೂರು ಕೋಟಿ ವರ್ಷದ ಈ ಬಂಡೆಯ ಚಿಪ್ಪು
ನೆಟ್ಟಗೆ ಕೆಳಕ್ಕೆ ಹೊರಟರೆ
ಮಡಿಕೇರಿಯಿಂದ ಸೋಮವಾರಪೇಟೆಗಿರುವಷ್ಟು ದೂರ.
ಅದರಡಿ ಇನ್ನೊಂದು ಕಲ್ಲು, ಗಟ್ಟಿಯೇ, ಆದರೂ ಹರಿಯುತ್ತದೆ.
ಚಳಿಗೆ ಮಂದವಾದ ಜೇನಿನ ಸೀಸೆ ಓರೆಮಾಡಿ
ಕಾಯುತ್ತೀರಲ್ಲ ಬೊಳ್ಳಮ್ಮ,
ಹಾಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾದು ಎದ್ದು ಹೋಗುವಷ್ಟು ನಿಧಾನ:
ಕಾದದ್ದು ಏಳುತ್ತ, ಆರಿದ್ದು ಇಳಿಯುತ್ತ.
ಇನ್ನೂ ಕೆಳಗೆ ಕಬ್ಬಿಣ ಕರಗಿ ಕಡಲಾಗಿದೆ.
ನಂಬದಿದ್ದರೆ ನನ್ನ ಚೀಲದ ಹಳೇ ದಿಕ್ಸೂಚಿ ನೋಡಿ,
ಆ ಮುಳ್ಳು ಮಾತು ಕೇಳುವುದು ಆ ಕಡಲಿನದು.
ನಟ್ಟನಡುವಿನ ಗುಂಡು ಮಾತ್ರ
ಅಷ್ಟು ಬೆಂಕಿಯಲ್ಲೂ ಗಟ್ಟಿ,
ಕರಗಲು ಜಾಗ ಬಿಡದಷ್ಟು ಸುತ್ತಲಿನ ಒತ್ತಡ.

ಕಳೆದ ಹುತ್ತರಿಗೆ ನೀವು ಕದಿರು ಕೊಯ್ದ ಗದ್ದೆ
ಈ ಹುತ್ತರಿಗೆ ಅಲ್ಲಿಲ್ಲ.
ಈಶಾನ್ಯಕ್ಕೆ ಎರಡು ಇಂಚು ಹೋಗಿದೆ,
ಬೇಲಿ, ನಾಯಿ, ಕೈಮಡ, ಕೋರ್ಟು ಸಮೇತ.
ದೂರ ಉತ್ತರದಲ್ಲಿ ಹಣೆ ಹಚ್ಚಿ
ಹಿಮದ ಬೆಟ್ಟಗಳನ್ನು ಇನ್ನೂ ಎತ್ತುತ್ತಿದೆ.
ಪಡುವಣಕ್ಕೆ ಒಂದು ಕಾಲದಲ್ಲಿ ಮಡಗಾಸ್ಕರ್ ಇತ್ತು,
ಪಕ್ಕದ ತೋಟದ ಹಾಗೆ.
ಪಾಲಾಗಿ ಒಂಬತ್ತು ಕೋಟಿ ವರ್ಷ.
ಯಾರೂ ಸರ್ವೆಗೆ ಅರ್ಜಿ ಹಾಕಲಿಲ್ಲ.
ಆ ಪಾಲಿನಲ್ಲಿ ಹರಿದ ಅಂಚು ಸವೆದು ಸವೆದು ಈ ಘಟ್ಟ,
ನಾವು ಕಾಲು ಜಾರದಂತೆ ನಿಂತಿರುವ ಜಾಗ.

ಇಷ್ಟನ್ನೂ ಹೇಳಲಿಲ್ಲ. ಹೇಳಿದ್ದು:
"ಕಲ್ಲು ಅಲುಗಿಲ್ಲ. ಊರು ಅಲುಗಿದೆ."

ಮಂದಣ್ಣ ನಕ್ಕರು. ಬೊಳ್ಳಮ್ಮ ನಗಲಿಲ್ಲ.
"ಮೊನ್ನೆ ರಾತ್ರಿ ಅಟ್ಟದ ತಪ್ಪಲೆ ಬಿದ್ದದ್ದು ಅದಕ್ಕೋ?"
"ನಿಮ್ಮಲ್ಲೂ ಬಿತ್ತಾ?" ಎಂದರು ಮಂದಣ್ಣ, ತಿರುಗದೆ.

ಮೊದಲು ಸದ್ದು, ಲೋಡು ಲಾರಿ ಏರು ಹತ್ತಿದಂತೆ. ಲಾರಿ ಇಲ್ಲ.
ಆಮೇಲೆ ಕಿಟಕಿಯ ಗಾಜು.
ಆಮೇಲೆ ಊರಿನ ಅಷ್ಟೂ ನಾಯಿ ಒಟ್ಟಿಗೆ ಸುಮ್ಮನಾದವಂತೆ.
"ಅಂಗಳಕ್ಕೆ ಓಡಿಬಂದೆ. ಮೇಲೆ ನಿಮ್ಮ ಟಾರ್ಚು ಕಂಡಿತು."
"ನಿಮ್ಮದೂ ಕಂಡಿತು."

ಅಷ್ಟೇ. ಮತ್ತೆ ಮಳೆ ಜೋರಾಯಿತು.
ಜಿಗಣೆ ಕಚ್ಚಿದಲ್ಲಿಗೆ ಉಸ್ಮಾನ್ ಉಪ್ಪು ಉಜ್ಜಿಕೊಂಡ.
ಷರಾ ಕಲಮಿನಲ್ಲಿ "ಕಲ್ಲು ಸ್ಥಳದಲ್ಲಿದೆ" ಎಂದು ಬರೆಯಲು ಹೋಗಿ
"ಸ್ಥಳ" ಎಂಬಲ್ಲಿ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ರಾಜಿಯಾಗಲಿಲ್ಲ. ಆ ಒಂದೂವರೆ ಅಡಿ ಹಾಗೇ ಇದೆ.
ವಿಚಾರಣೆ ಮುಂದಿನ ತಿಂಗಳಿಗೆ ಹೋಗಿದೆ,
ಒಂದು ಮೆಣಸಿನ ಕಾಳಿನಷ್ಟು ಈಶಾನ್ಯಕ್ಕೆ.